ಕಿವುಡು ಮೊಸಳೆಯ ಒಂದೇ ಪ್ರತಿ

ಜನವರಿ 10, ಶನಿವಾರ

ಕ್ಷಮೆ ಇರಲಿ. ಈ ನೋಟ್‌ಬುಕ್ ತಂದದ್ದು ಕ್ಯಾಲ್ಕುಲಸ್‌ಗೆ. ಮೊದಲ ಪುಟದಲ್ಲಿ ಲಿಮಿಟ್ಸ್, ಎರಡನೆಯದರಲ್ಲೂ ಲಿಮಿಟ್ಸ್, ಮೂರನೆಯದರಲ್ಲಿ ನಾನು. ಡೈರಿ ಬರೆಯುವುದಿಲ್ಲ ಎಂದು ದ್ವೀಪದ ಹಾಸ್ಟೆಲಿನಲ್ಲೇ ಆಣೆ ಇಟ್ಟುಕೊಂಡಿದ್ದೆ. ವಾರ್ಡನ್ ಮಿಸ್ ಲುಸಿಂಡಾ ಎಲ್ಲರ ಡೈರಿ ಓದುತ್ತಿದ್ದರು. ಓದಲಿ, ಹೋಗಲಿ ಬಿಡು — ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು. ‘ಇವತ್ತು ತುಂಬ ಅಳು ಬಂತು’ ಎಂದು ಬರೆದರೆ ಪಕ್ಕದಲ್ಲಿ ‘ಕಾರಣ? ವಿವರಿಸು.’ ಆಮೇಲೆ ಬರೆದದ್ದಿಲ್ಲ. ಈಗ ಬರೆಯದೆ ದಾರಿಯಿಲ್ಲ. ಈ ಮನೆಯಲ್ಲಿ ಬಾಯಿಬಿಟ್ಟು ಹೇಳಿಕೊಂಡರೆ ಬೀದಿಗೇ ಕೇಳುತ್ತದೆ.

ಬೆಳಿಗ್ಗೆ ಎಂದಿನಂತೆ. ಬಟ್ಟೆ ಒಗೆದೆ. ಗಾಳಿ ಎರಡು ಟವೆಲ್ ಎತ್ತಿಕೊಂಡು ಹೋಗಿ ಪಕ್ಕದವರ ಮಾವಿನ ಮರಕ್ಕೆ ಹಾಕಿತು. ಇಳಿಸಿಕೊಂಡು ಬರುವಷ್ಟರಲ್ಲಿ ದೊಡ್ಡಪ್ಪ ಅರ್ಹೆಮಿರೊ ಬಾಗಿಲಲ್ಲಿ. ಮುಖದಲ್ಲಿ ಕಳೆಯಿಲ್ಲ.

“ಮಗಳೇ, ಕಂಪ್ಯೂಟರ್ ಕೆಮ್ತಾ ಇದೆ.”

ನಿಜಕ್ಕೂ ಕೆಮ್ಮುತ್ತಿತ್ತು. ಟಿಕ್... ಟಿಕ್... ಕ್ರ್‌ರ್... ಮತ್ತೆ ಟಿಕ್. ಒಳಗಿನ ಹಾರ್ಡ್ ಡಿಸ್ಕ್. ಅದಕ್ಕೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ದೊಡ್ಡಮ್ಮ ನೂರಿಸ್ ಹೆಣೆದ ಲೇಸಿನ ಹೊದಿಕೆ ಹೊದ್ದು ಮೂಲೆಯಲ್ಲಿ ಕೂತಿದೆ ಕಂಪ್ಯೂಟರ್, ದಮ್ಮು ಹತ್ತಿದ ಅಜ್ಜಿಯ ಹಾಗೆ.

“ನಮಗೆ ಇದನ್ನೆಲ್ಲ ಇನ್ನೂ ಕಲಿಸಿಲ್ಲ ದೊಡ್ಡಪ್ಪ.”

“ಕಲಿಸೋದೇನು ಬಂತು? ಅದಕ್ಕೂ ಇಂಗ್ಲಿಷ್ ಬರುತ್ತೆ, ನಿನಗೂ ಬರುತ್ತೆ. ಇಬ್ಬರೂ ಕೂತು ಮಾತಾಡ್ಕೊಳ್ಳಿ.”

ಅಮ್ಮ ಪ್ರೊವಿಡೆನ್ಸಿಯಾ ದ್ವೀಪದವಳು, ಅವಳ ಮನೆಮಾತು ಇಂಗ್ಲಿಷ್ — ಅದೇ ನಾನು ಮಾಡಿದ ಪಾಪ. ಒರ್ಲಿನಾ ಎಂಬ ಹೆಸರು ನನಗಿದೆ ಎಂದು ಓದಲು ಬಂದಿರುವ ಬರ್ರಾಂಕಿಯಾದ ಈ ಬೀದಿಯಲ್ಲಿ ಯಾರಿಗೂ ಗೊತ್ತಿಲ್ಲ. ‘ಇಂಗ್ಲಿಷಮ್ಮ’ ಅಷ್ಟೇ. ಅದರ ಮೇಲೆ ಸಿಸ್ಟಮ್ಸ್ ಇಂಜಿನಿಯರಿಂಗ್, ಫಸ್ಟ್ ಇಯರ್. ಮೊದಲ ಸೆಮಿಸ್ಟರಿನಲ್ಲಿ ಕಲಿತದ್ದು: ಲಿಮಿಟ್ಸ್. ಮತ್ತು ಪರದೆಯ ಮೇಲೆ ‘ನಮಸ್ಕಾರ ಪ್ರಪಂಚವೇ’ ಎಂದು ಬರೆಸುವುದು. ಈ ಡಿಸ್ಕ್ ಪ್ರಪಂಚಕ್ಕೆ ನಮಸ್ಕಾರ ಹೇಳುವ ಸ್ಥಿತಿಯಲ್ಲಿಲ್ಲ, ಹೋಗಿಬರುತ್ತೇನೆ ಎನ್ನುತ್ತಿದೆ.

ನೋಡುತ್ತೇನೆ ಎಂದೆ. ಯಾಕೆ ಹಾಗಂದೆ?

ಜನವರಿ 11

ವಿಷಯ ನಾನಂದುಕೊಂಡದ್ದಕ್ಕಿಂತ ಕೆಟ್ಟದ್ದು.

ಅಂಗಳದಲ್ಲಿ ದೊಡ್ಡಪ್ಪನ ಪಿಕೊ ನಿಂತಿದೆ — ಬಾಗಿಲಿಗಿಂತ ಎತ್ತರದ ಸ್ಪೀಕರ್ ಪೆಟ್ಟಿಗೆ, ಮುಂದೆಲ್ಲ ಬಾಯಿ ತೆರೆದ ಹಸಿರು ಮೊಸಳೆಯ ಚಿತ್ರ, ಎರಡೂ ಕಿವಿಗೆ ಹತ್ತಿ. ಹೆಸರು ‘ಕಿವುಡು ಮೊಸಳೆ’. ಒಂದು ಕಾಲದಲ್ಲಿ ಇದು ಹಾಡಿದರೆ ಮೂರು ಬೀದಿಯಾಚೆ ಗೋಡೆಯ ಸಂತರ ಪಟಗಳು ಕುಣಿಯುತ್ತಿದ್ದವಂತೆ. ವರ್ಷಗಳಿಂದ ತಾಡಪಾಲಿನಡಿ ಮಲಗಿತ್ತು. ಕಾರ್ನಿವಲ್‌ಗೆ ಮುಂಚೆ, ಇದೇ 31ರ ಶನಿವಾರ, ಬೀದಿ ಕುಣಿತದಲ್ಲಿ ಮತ್ತೆ ಹೊರಬರುತ್ತದೆ. ಅಂದು ಪಿಕೊಗಳ ಪೈಪೋಟಿ: ಎದುರಾಳಿ ನಿಕಾನೊರ್, ಅವನ ಪಿಕೊ ‘ಹೆಣ್ಣುಗುದುರೆ’. ದೊಡ್ಡಪ್ಪ ಈಗಾಗಲೇ ಇಡೀ ಬೀದಿಗೆ ಸಾರಿಬಿಟ್ಟಿದ್ದಾರೆ: ಆ ದಿನ ‘ವಿಧವೆ’ ಹಾಕುತ್ತೇನೆ.

‘ವಿಧವೆ’ ಒಂದು ಹಾಡು. ಕಾಂಗೋ ಕಡೆಯದು. ಯಾವನೋ ಹಡಗಿನವನಿಂದ ಕೊಂಡದ್ದು. ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ, ಏಕೆಂದರೆ ಕೊಂಡ ದಿನವೇ ದೊಡ್ಡಪ್ಪ ರೆಕಾರ್ಡಿನ ಮೇಲಿನ ಚೀಟಿಯನ್ನು ಬ್ಲೇಡಿನಿಂದ ಕೆರೆದು ಹಾಕಿದರು. ಪಿಕೊದವರೆಲ್ಲ ಮಾಡುವುದೇ ಅದು — ಇನ್ನೊಬ್ಬನಿಗೆ ಅದೇ ರೆಕಾರ್ಡ್ ಸಿಗಬಾರದು. ‘ವಿಧವೆ’ ಎಂಬ ಹೆಸರು ದೊಡ್ಡಮ್ಮನ ಕೃಪೆ. “ಈ ಪೆಟ್ಟಿಗೆ ಪಕ್ಕದಲ್ಲೇ ಸತ್ತು ನನ್ನ ವಿಧವೆ ಮಾಡ್ತೀಯ ನೋಡು” ಎಂದಿದ್ದರಂತೆ.

“ಹಾಗಾದರೆ ರೆಕಾರ್ಡ್ ಇದೆಯಲ್ಲ ದೊಡ್ಡಪ್ಪ?”

“ಇಲ್ಲ. ಕಂಪ್ಯೂಟರ್‌ಗೆ ತುಂಬಿಸಿದೆ, ಆಮೇಲೆ ರೆಕಾರ್ಡ್‌ನ ಬಸ್ಸಿನ ಚಕ್ರದ ಕೆಳಗಿಟ್ಟೆ.”

“ಬಿದ್ದು ಹೋಯ್ತಾ?”

“ಇಟ್ಟೆ ಅಂದ್ನಲ್ಲ. ಚೂರು ಆರಿಸ್ಕೊಂಡು ಹೋಗಿ ಸೇತುವೆ ಮೇಲಿಂದ ನದಿಗೆ ಹಾಕ್ದೆ.”

ಡೇಟಾದ ಮೊದಲ ಪಾಠ ಹೇಳಿದೆ: ಯಾವುದಕ್ಕೂ ಮೂರು ಪ್ರತಿ ಇರಬೇಕು, ಮೂರೂ ಬೇರೆ ಬೇರೆ ಕಡೆ. ದೊಡ್ಡಪ್ಪ ನಾನೇನೋ ಹೊಲಸು ಮಾತಾಡಿದೆ ಎಂಬಂತೆ ನೋಡಿದರು.

“ಮೂರು ಪ್ರತಿ ಇಡೋನು ಪಿಕೊದವನಲ್ಲಮ್ಮ, ಫುಟ್‌ಪಾತಲ್ಲಿ ಸಿ.ಡಿ. ಮಾರೋನು. ಎರಡು ಕಡೆ ಇದ್ರೆ ಅದು ಹಾಡಲ್ಲ, ಸಂತೆ!”

ದೊಡ್ಡಮ್ಮ ಅಡುಗೆಮನೆಯಿಂದ: “ಹೆಂಡತಿ ವಿಷಯದಲ್ಲೂ ಹಾಗೇ ಇದ್ದಿದ್ರೆ ಚೆನ್ನಾಗಿತ್ತು.”

ಜನವರಿ 13

ಲೈಬ್ರರಿಯಿಂದ ಬಂದೆ. ಡಿಸ್ಕ್ ಬಿಚ್ಚಿ ಮೇಜಿನ ಮೇಲಿಟ್ಟು ಹೋಗಿದ್ದೆ. ಇಲ್ಲ. ಎಲ್ಲ ಕಡೆ ಹುಡುಕಿದೆ.

ಫ್ರೀಜರಿನಲ್ಲಿತ್ತು. ಎರಡು ಮೀನಿನ ಮಧ್ಯೆ.

“ಚಪ್ಪಲಿ ಅಂಗಡಿಯವನು ಹೇಳ್ದ, ತಣ್ಣಗೆ ಮಾಡಿದ್ರೆ ಎದ್ದು ಕೂರುತ್ತಂತೆ,” ಎಂದರು ದೊಡ್ಡಮ್ಮ. “ಮೀನಿಗೆ ಏನೂ ಆಗಿಲ್ಲ, ನೋಡಿದೀನಿ.”

ಮೀನಿಗೆ!

ಹೊರಗೆ ತೆಗೆದರೆ ಮೈಯೆಲ್ಲ ಬೆವರು. ಡಿಸ್ಕಿಗೂ, ನನಗೂ. ಒರೆಸಿ, ಒಂದು ಒಣ ಡಬ್ಬದಲ್ಲಿಟ್ಟು, ಡಬ್ಬ ತಬ್ಬಿಕೊಂಡು ಕೂತೆ. ಈಗ ಅದಕ್ಕೆ ಮೀನಿನ ವಾಸನೆ. ರಾತ್ರಿ ಊಟಕ್ಕೆ ಅದೇ ಮೀನು, ತೆಂಗಿನಹಾಲಿನ ಅನ್ನ, ಬಾಳೆಕಾಯಿ ಬಿಲ್ಲೆ. ನಾನು ಮುಟ್ಟಲಿಲ್ಲ. ದೊಡ್ಡಪ್ಪ ನನ್ನ ಪಾಲನ್ನೂ ತಿಂದು, “ಭಯ ಪಡಬೇಡ, ನಿನ್ನ ಮೇಲೆ ನನಗೆ ನಂಬಿಕೆ ಇದೆ” ಎಂದರು. ಭಯವಾದದ್ದು ಅದಕ್ಕೇ.

ಜನವರಿ 16

ಇಂಟರ್‌ನೆಟ್ಟಿನಲ್ಲಿ ಎಲ್ಲರೂ ಬರೆದಿರುವ ಮೊದಲ ಮಾತು: ಸಾಯುತ್ತಿರುವ ಡಿಸ್ಕನ್ನು ಸುಮ್ಮಸುಮ್ಮನೆ ಆನ್ ಮಾಡಬೇಡಿ. ವಿಚಾರಿಸಿದೆ. ನನ್ನ ಕೈಗೆ ಕೊಡುವ ಮುಂಚೆ ದೊಡ್ಡಪ್ಪ ಒಂದು ವಾರ ದಿನಾ ಬೆಳಿಗ್ಗೆ ಆನ್ ಮಾಡಿ “ಹೇಗಿದೀಯ?” ಎಂದು ಕೇಳಿ, ಬೆನ್ನು ತಟ್ಟಿ, ಆಫ್ ಮಾಡುತ್ತಿದ್ದರಂತೆ. ತಟ್ಟುವುದೂ ಮೆಲ್ಲಗಲ್ಲ.

ಲ್ಯಾಬಿನಿಂದ ಒಂದು ಕೇಬಲ್ ಎರವಲು ತಂದಿದ್ದೇನೆ — ಹಳೇ ಡಿಸ್ಕನ್ನು ನನ್ನ ಲ್ಯಾಪ್‌ಟಾಪ್‌ಗೆ ಸೇರಿಸಲು. ಒಂದು ಪ್ರೋಗ್ರಾಮ್ ಇದೆ, ಇಡೀ ಡಿಸ್ಕನ್ನು ತುಣುಕು ತುಣುಕಾಗಿ ನಕಲು ಮಾಡುತ್ತದೆ. ಸುಲಭವಾಗಿ ಓದಲಾಗುವ ಜಾಗ ಮೊದಲು. ತೊಂದರೆ ಕೊಡುವ ಜಾಗ ಸಿಕ್ಕರೆ ಬಿಟ್ಟು ಮುಂದೆ ಹೋಗಿ, ಕೊನೆಗೆ ಮರಳಿ ಬರುತ್ತದೆ. ನಾನು ಪರೀಕ್ಷೆ ಬರೆಯುವ ರೀತಿಯೇ. ನಾನು ಕೊನೆಗೆ ಮರಳಿ ಬಂದಾಗ ಹೊತ್ತು ಮುಗಿದಿರುತ್ತದೆ, ಅಷ್ಟೇ ವ್ಯತ್ಯಾಸ.

ಶುರು ಮಾಡಿದೆ. ಓಡುತ್ತಿದೆ! ಟಿಕ್ ಎನ್ನುತ್ತದೆ, ಮತ್ತೆ ಓಡುತ್ತದೆ. ಅದರ ಪಕ್ಕ ಯಾರೂ ನಡೆಯಬಾರದು ಎಂದು ಹೇಳಿಟ್ಟಿದ್ದೇನೆ. ದೊಡ್ಡಮ್ಮ ತುದಿಗಾಲಲ್ಲಿ ಓಡಾಡುತ್ತಿದ್ದಾರೆ, ಬಾಣಂತಿ ಮನೆಯ ಹಾಗೆ.

ಜನವರಿ 18

ಗಾಳಿ. ಛಾವಣಿ ತಗಡು ಎದ್ದೆದ್ದು ಬಡಿಯುತ್ತಿದೆ. ಮಧ್ಯಾಹ್ನ ಕರೆಂಟ್ ಹೋಯಿತು. ಲ್ಯಾಪ್‌ಟಾಪ್‌ಗೆ ಬ್ಯಾಟರಿ ಇದೆ, ಡಿಸ್ಕಿಗಿಲ್ಲ. ಡಿಸ್ಕ್ ‘ಊಂ...’ ಎಂದು ಇಳಿದು ನಿಂತಿತು. ನಾನೂ ನಿಂತೆ. ಉಸಿರು ಸಮೇತ.

ದೊಡ್ಡಪ್ಪ ಬೀದಿಗಿಳಿದು ಕರೆಂಟಿನವರ ಏಳು ತಲೆಮಾರು ಬೈದು ಬಂದರು. ಎಲ್ಲಿಗೆ ನಿಂತಿತ್ತು ಎಂಬುದನ್ನು ಪ್ರೋಗ್ರಾಮ್ ಗುರುತಿಟ್ಟುಕೊಳ್ಳುತ್ತದೆ ಎಂದು ಹೇಳಿದರೂ ನಂಬಲಿಲ್ಲ. ಕರೆಂಟ್ ಬಂತು, ನಿಂತಲ್ಲಿಂದಲೇ ಮುಂದುವರಿಯಿತು.

ಸಂಜೆ ನೋಡಿದರೆ ಡಿಸ್ಕಿನ ಪಕ್ಕ ಸಂತನ ಪಟ, ಮುಂದೆ ಉರಿಯುವ ಮೇಣದಬತ್ತಿ. ಬಿಸಿ ನೇರ ಡಿಸ್ಕಿಗೆ.

“ದೊಡ್ಡಮ್ಮ, ಅದಕ್ಕೆ ಕಾವು ತಾಗಬಾರದು!”

“ಮೊನ್ನೆ ತಣ್ಣಗೂ ಬೇಡ ಅಂದೆ. ಇವತ್ತು ಬಿಸಿಯೂ ಬೇಡ. ನಿನ್ನ ಕಂಪ್ಯೂಟರ್ ಏನು, ಗರ್ಭಿಣಿಯಾ?”

ಸಂತನನ್ನು ಉಳಿಸಿಕೊಂಡು ಮೇಣದಬತ್ತಿಯನ್ನು ಕಿಟಕಿಗೆ ಕಳಿಸಿದೆ.

ಜನವರಿ 20, ಬೆಳಿಗ್ಗೆ

ಆಯಿತು! ಬಹುತೇಕ ಎಲ್ಲ ಬಂದಿದೆ. ಅಲ್ಲಲ್ಲಿ ಸಣ್ಣ ತೂತು, ಅಷ್ಟೇ. ದೊಡ್ಡಪ್ಪ ನನ್ನ ಹಣೆಗೆ ಮುತ್ತಿಟ್ಟು, ಅಂಗಳಕ್ಕೆ ಹೋಗಿ ಮೊಸಳೆಯ ಹಲ್ಲಿಗೆ ಹೊಸ ಬಿಳಿ ಬಣ್ಣ ಬಳಿಯತೊಡಗಿದರು. ದ್ವೀಪಕ್ಕೆ ಫೋನ್ ಮಾಡಿ ಅಮ್ಮನಿಗೆ ಹೇಳಿದೆ. “ಗಾಡ್ ಈಸ್ ಗುಡ್” ಎಂದಳು. ಲಿಮಿಟ್ಸ್ ಬಗ್ಗೆ ಕೇಳಲಿಲ್ಲ. ಗಾಡ್ ಈಸ್ ಗುಡ್.

ಅದೇ ದಿನ, ಮಧ್ಯಾಹ್ನ

ಹಾಡಿನ ಫೋಲ್ಡರ್ ತೆರೆದೆ. ಒಳಗೆ ಒಂದೂ ಹಾಡಿಲ್ಲ. ಇದ್ದದ್ದು: ‘ನೀರಿನ ಬಿಲ್ ಬಾಕಿ’. ‘ಭಾನುವಾರದ ಪ್ರವಚನ’. ‘ಮೂಲವ್ಯಾಧಿಗೆ ಮನೆಮದ್ದು’. ‘ಮೂಲವ್ಯಾಧಿ, ಮುಂದುವರಿದ ಭಾಗ’. ‘ಅತ್ತೆಯ ಫೋಟೋ’. ಹೀಗೇ ನೂರಾರು.

“ಹಾಡುಗಳೆಲ್ಲಿ?”

“ಇವೇ,” ಎಂದರು ದೊಡ್ಡಪ್ಪ, ಹಲ್ಲು ಬಳಿಯುವ ಕುಂಚ ಕೈಯಲ್ಲೇ. “ಯಾವ ಕಳ್ಳ ಮೂಲವ್ಯಾಧಿ ಫೈಲ್ ಕದೀತಾನೆ ಹೇಳು? ಚೀಟಿ ಕೆರೆದ ಹಾಗೇ ಇದೂ.”

“ಸರಿ. ‘ವಿಧವೆ’ ಯಾವುದು?”

ಕುಂಚದಿಂದ ಬಿಳಿ ಬಣ್ಣ ನೆಲಕ್ಕೆ ಒಂದು ಹನಿ.

“ದೊಡ್ಡಪ್ಪ?”

“ಮರೆತೆ.”

“ಮರೆತಿರಾ!”

“ನನಗೇ ಗೊತ್ತಿಲ್ಲದಿದ್ರೆ ನನ್ನ ಬಾಯಿ ಬಿಡಿಸೋರು ಯಾರು?” ಎಂದರು. ಅದನ್ನು ಹೆಮ್ಮೆಯಿಂದಲೇ ಶುರು ಮಾಡಿದ್ದು, ಮುಗಿಸುವಾಗ ದನಿ ಇರಲಿಲ್ಲ.

ದೊಡ್ಡಮ್ಮ ಪರದೆಯ ಹತ್ತಿರ ಬಗ್ಗಿ ಓದುತ್ತಿದ್ದರು. “ಅತ್ತೆಯ ಫೋಟೋ... ಇದು ನಮ್ಮಮ್ಮನ ಫೋಟೋನಾ?”

“ಅಲ್ಲ, ಹಾಡು.”

“ಅಂದ್ರೆ ಲೋಕದಲ್ಲಿ ಯಾರೂ ತೆರೆದು ನೋಡದೇ ಇರೋ ವಸ್ತು ಯಾವುದಪ್ಪಾ ಅಂತ ಯೋಚಿಸಿದಾಗ, ನಿನಗೆ ನಮ್ಮಮ್ಮನ ಮುಖ ನೆನಪಾಯ್ತು.”

ದೊಡ್ಡಪ್ಪ ಮೊಸಳೆಯ ಹತ್ತಿರ ಓಡಿದರು. ಇವತ್ತು ಊಟಕ್ಕೆ ಬರೀ ಬೇಯಿಸಿದ ಮರಗೆಣಸು. ನನಗೂ. ನಾನೇನು ಮಾಡಿದ್ದೆ?

ಜನವರಿ 22

ಎಲ್ಲವನ್ನೂ ಕೇಳಿಯೇ ಕಂಡುಹಿಡಿಯಬೇಕು. ಆದರೆ ಜೋರಾಗಿ ಹಾಕುವಂತಿಲ್ಲ, ಬೀದಿಗೆ ಕೇಳಿದರೆ ಗುಟ್ಟು ಹೋಯಿತು. ಕಿಟಕಿ ಬಾಗಿಲು ಎಲ್ಲ ಬಂದ್. ಹೊರಗೆ ಅಷ್ಟು ಚಂದದ ಗಾಳಿ, ಒಳಗೆ ನಾವಿಬ್ಬರು ಮರಗೆಣಸು ಬೆಂದ ಹಾಗೆ ಬೇಯುತ್ತಿದ್ದೇವೆ. ಮೆಲ್ಲಗೆ ಹಾಕಿದರೆ ದೊಡ್ಡಪ್ಪನಿಗೆ ಕೇಳಿಸುವುದಿಲ್ಲ. ಇಷ್ಟು ವರ್ಷ ಪಿಕೊ ಪಕ್ಕ ನಿಂತ ಕಿವಿ. ಮೊಸಳೆಗೆ ಹತ್ತಿ ಬರೆಸಿದವರು ತಮಗೆ ಇಟ್ಟುಕೊಳ್ಳಲಿಲ್ಲ.

ಹಾಗಾಗಿ ಈ ಏರ್ಪಾಡು: ನಾನು ಇಯರ್‌ಫೋನಿನಲ್ಲಿ ಕೇಳಬೇಕು, ಕೇಳಿದ್ದನ್ನು ಅವರ ಕಿವಿಯ ಹತ್ತಿರ ಗುನುಗಬೇಕು. ಹಾಸ್ಟೆಲಿನಲ್ಲಿ ನಾನು ಕಲಿತದ್ದು ಚರ್ಚ್ ಹಾಡು ಮಾತ್ರ.

“ಇದೇನೇ, ಕುಣಿಯೋ ಹಾಡೋ, ಶವಯಾತ್ರೆಯೋ?”

“ನನ್ನ ಗಂಟಲಿಗೆ ಬರೋದೇ ಇಷ್ಟು.”

“ಸೊಂಟದಿಂದ ಹಾಡು ಮಗಳೇ, ಸೊಂಟದಿಂದ. ಪಾದ್ರಿ ಇಲ್ಲಿಲ್ಲ.”

ಸೊಂಟದಿಂದ ಹಾಡಿದೆ. ಬಾಗಿಲ ಸಂದಿಯಲ್ಲಿ ದೊಡ್ಡಮ್ಮ ನಕ್ಕು ನಕ್ಕು ನೆಲಕ್ಕೆ ಕೂತರು.

ಜನವರಿ 23

ಸಿಕ್ಕಿತು. ‘ಅತ್ತೆಯ ಫೋಟೋ’.

ಗಿಟಾರ್ ಶುರುವಾಗುತ್ತದೆ, ಹಂಚಿನ ಮೇಲೆ ಮೊದಲ ಮಳೆಹನಿ ಬಿದ್ದ ಹಾಗೆ, ಬಿಡಿ ಬಿಡಿಯಾಗಿ. ನಾನು ಎರಡು ಸ್ವರ ಗುನುಗುವಷ್ಟರಲ್ಲೇ ದೊಡ್ಡಪ್ಪ ಇಯರ್‌ಫೋನ್ ಕಿತ್ತು ಹಾಕಿ, ಚಿಕ್ಕ ಸ್ಪೀಕರಿಗೆ ಸೇರಿಸಿ, ಅದರ ಮೇಲೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು. ಹೆಬ್ಬೆರಳು ತಾಳ ಹಾಕತೊಡಗಿತು. ಅಡುಗೆಮನೆಯಲ್ಲಿ ಪಾತ್ರೆ ಸದ್ದು ನಿಂತಿತು. ದೊಡ್ಡಮ್ಮ ಬಂದು ಬಾಗಿಲಿಗೊರಗಿದರು, ಕೈಯಲ್ಲಿ ಸೌಟು. ಸೊಂಟ ಅಲ್ಲಾಡುತ್ತಿತ್ತು, ಅವರಿಗೆ ಗೊತ್ತಿಲ್ಲದೆ.

ಗಾಯಕ ಉಸಿರೆಳೆದುಕೊಂಡ. ಬಾಯಿ ತೆರೆದ —

ಕ್ರೀಕ್. ಆಮೇಲೆ ಏನಿಲ್ಲ. ಕೊನೆಯವರೆಗೂ ಏನಿಲ್ಲ.

ಡಿಸ್ಕಿನ ಸಣ್ಣ ತೂತುಗಳೆಲ್ಲ ಇಲ್ಲೇ ಇದ್ದವು. ಒಂದು ಕಾಲದಲ್ಲಿ, ಫೈಲುಗಳ ಹೆಸರು ಬದಲಿಸುವ ಮುಂಚೆ, ದೊಡ್ಡಪ್ಪ ದಿನಾ ಇದೇ ಹಾಡು ಕೇಳುತ್ತಿದ್ದರಂತೆ, ಬೇರೇನನ್ನೂ ಅಷ್ಟು ಮುಟ್ಟುತ್ತಿರಲಿಲ್ಲವಂತೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಅವರಿಗೆ ಮಾತ್ರ ಇದೆ ಎಂದು ಖಾತ್ರಿ. “ನಾನೇ ಸವೆಸಿಬಿಟ್ಟೆ” ಎಂದರು.

ಜನವರಿ 24

ಆ ತೂತುಗಳನ್ನೇ ಮತ್ತೆ ಓದಿಸಲು ಪ್ರಯತ್ನಿಸಿದೆ. ಡಿಸ್ಕ್ ಟಿಕ್ ಎಂದಿತು. ಟಿಕ್. ಟಿಕ್ ಟಿಕ್ ಟಿಕ್. ಆಮೇಲೆ ಎಂದೂ ಮಾಡದ ಒಂದು ಸದ್ದು ಮಾಡಿ, ನಿಂತಿತು. ತಿರುಗುತ್ತಲೂ ಇಲ್ಲ. ಮುಟ್ಟಿದರೆ ಬೆಚ್ಚಗಿತ್ತು, ಅಷ್ಟೇ.

ಕೊನೆಯ ಉಪಾಯ. ಹಾಡು ಕೇಳಿಸಿದರೆ ಅದರ ಹೆಸರು ಹೇಳುವ ಆ್ಯಪ್ ನನ್ನ ಫೋನಿನಲ್ಲಿದೆ. ಹೆಸರು ಸಿಕ್ಕರೆ ಎಲ್ಲಾದರೂ ಹುಡುಕಬಹುದು. ದೊಡ್ಡಪ್ಪ ಫೋನ್ ಮೇಲೆ ದಿಂಬು ಒತ್ತಿದರು.

“ಅದಕ್ಕೆ ಗೊತ್ತಾದ್ರೆ ಊರಿಗೆಲ್ಲ ಗೊತ್ತಾಗುತ್ತೆ!”

“ಬೇರೆ ದಾರಿಯಿಲ್ಲ ದೊಡ್ಡಪ್ಪ.”

ಬಹಳ ಹೊತ್ತು ಯೋಚಿಸಿ ದಿಂಬು ತೆಗೆದರು. ಇದ್ದಷ್ಟು ಗಿಟಾರ್ ಕೇಳಿಸಿದೆವು. ಫೋನ್ ತಿರುಗಿತು, ತಿರುಗಿತು, ಯೋಚಿಸಿತು. ‘ಯಾವ ಹಾಡೂ ಸಿಗಲಿಲ್ಲ.’

“ನೋಡಿದ್ಯಾ!” ದೊಡ್ಡಪ್ಪ ಎದ್ದು ನಿಂತರು. ಎದೆ ಉಬ್ಬಿತ್ತು. “ನೋಡಿದ್ಯಾ ನೂರಿಸ್! ಇಡೀ ಪ್ರಪಂಚದಲ್ಲಿ ಯಾರ ಹತ್ತಿರನೂ ಇಲ್ಲ! ಯಾರ ಹತ್ತಿರನೂ...”

ಆಮೇಲೆ ಕೂತರು.

ಜನವರಿ 28

ಮೂರು ದಿನ ಬರೆಯಲಿಲ್ಲ. ಬರೆಯಲು ಏನಿತ್ತು? ಮೊಸಳೆಯ ಮೇಲೆ ಮತ್ತೆ ತಾಡಪಾಲು, ಹಲ್ಲು ಅರ್ಧ ಬಿಳಿ ಅರ್ಧ ಹಳದಿ. ದೊಡ್ಡಪ್ಪ ಡಾಮಿನೋ ಆಡಲೂ ಹೊರಗೆ ಹೋಗುತ್ತಿಲ್ಲ. ಪಿತ್ತಕೋಶದಲ್ಲಿ ಕಲ್ಲು ಎಂದು ಶನಿವಾರ ಹೇಳಿಬಿಡುತ್ತಾರಂತೆ. ಕಲ್ಲು ಯಾವ ಕಡೆ ಇರಬೇಕು ಎಂದು ನನ್ನನ್ನು ಕೇಳಿದರು. ಬಲಗಡೆ ಎಂದೆ. ನೀನು ಬೇಕಾದಷ್ಟು ಮಾಡಿದೆ ಮಗಳೇ ಎನ್ನುತ್ತಾರೆ. ಬೈದಿದ್ದರೆ ಇದಕ್ಕಿಂತ ವಾಸಿ. ದ್ವೀಪಕ್ಕೆ ವಾಪಸ್ ಹೋಗಿ ಟೂರಿಸ್ಟುಗಳಿಗೆ ತೆಂಗಿನಕಾಯಿ ಬಿಸ್ಕತ್ತು ಮಾರೋಣವೇ ಎಂದು ಯೋಚಿಸಿದೆ.

ಇವತ್ತು ಬೆಳಿಗ್ಗೆ ಕಾಫಿಗೆ ಕೂತಿದ್ದಾಗ ದೊಡ್ಡಮ್ಮ, ಸಕ್ಕರೆ ಕಲಕುತ್ತಾ, ಹವಾಮಾನದ ಮಾತಾಡುವವರ ಹಾಗೆ:

“ನಿಕಾನೊರ್ ಹತ್ತಿರ ಇದೆಯಲ್ಲ.”

“ಏನು?”

“ವಿಧವೆ.”

ದೊಡ್ಡಪ್ಪನ ಲೋಟ ಅಲ್ಲೇ ನಿಂತಿತು.

“ಎಂದೋ ಕುಣಿತಕ್ಕೆ ತನ್ನ ಆಳೊಬ್ಬನನ್ನ ಕಳಿಸಿದ್ದನಂತೆ, ಅಂಗಿಯೊಳಗೆ ಟೇಪ್ ರೆಕಾರ್ಡರ್ ಇಟ್ಟು. ಎದಿಲ್ಮಾ ಹೇಳಿದ್ಲು.” ಎದಿಲ್ಮಾ ನಿಕಾನೊರನ ಹೆಂಡತಿ. ತಲೆಗೂದಲು ಕತ್ತರಿಸಿಕೊಳ್ಳಲು ದೊಡ್ಡಮ್ಮನೂ ಅವಳೂ ಒಂದೇ ಕಡೆ ಹೋಗುತ್ತಾರೆ.

“ಕಳ್ಳ! ಇದ್ದರೆ ಯಾಕೆ ಹಾಕಲಿಲ್ಲ ಇಷ್ಟು ವರ್ಷ?”

“ಹೇಗೆ ಹಾಕ್ತಾನೆ? ಅದರ ತುಂಬ ನಿನ್ನ ದನಿ ಇದೆ.”

ಆಗ ನನಗೆ ಗೊತ್ತಾದದ್ದು: ಹಾಡು ನಡೆಯುವಾಗ ಪಿಕೊದವನು ಮೈಕಿನಲ್ಲಿ ಕೂಗುತ್ತಿರುತ್ತಾನೆ, ಯಾರಾದರೂ ಕದ್ದು ರೆಕಾರ್ಡ್ ಮಾಡಿಕೊಂಡರೂ ಕೆಲಸಕ್ಕೆ ಬಾರದಿರಲಿ ಎಂದು. ದೊಡ್ಡಪ್ಪ ಕೂಗುತ್ತಿದ್ದದ್ದು: “ನಿಕಾನೊರ್, ಮನೆಗೆ ಹೋಗಿ ಹಾಲು ಕುಡಿದು ಮಲಕ್ಕೋ!” ಪ್ರತಿ ಪಲ್ಲವಿಗೊಂದು ಸಲ.

“ಭಾನುವಾರ ಗಡ್ಡ ಹೆರೆಯುವಾಗ ಹಾಕ್ಕೊಂಡು ಕೇಳ್ತಾನಂತೆ,” ಎಂದರು ದೊಡ್ಡಮ್ಮ. “ನಿನ್ನ ದನಿ ಬಂದಾಗಲೆಲ್ಲ ಕನ್ನಡಿ ನೋಡ್ಕೊಂಡು, ‘ನೀನು ಮಲಕ್ಕೊಳೋ ಕಿವುಡ’ ಅಂತಾನಂತೆ. ಆಮೇಲೆ ಕುಣೀತಾನಂತೆ. ಎರಡು ಸಲ ಕೆನ್ನೆ ಕುಯ್ಕೊಂಡಿದ್ದಾನೆ.”

“ನಿನಗೆ ಎಷ್ಟು ವರ್ಷದಿಂದ ಗೊತ್ತು?”

“ನೀನು ಕೇಳಲಿಲ್ಲ.”

ದೊಡ್ಡಪ್ಪ ಕಾಫಿ ಬಿಟ್ಟು ಎದ್ದರು. ಅಂಗಳದಲ್ಲಿ ತಾಡಪಾಲಿನ ಮುಂದೆ ಬಹಳ ಹೊತ್ತು ನಿಂತಿದ್ದರು. ನಗುತ್ತಿದ್ದರೋ ಏನೋ, ಭುಜ ಅಲ್ಲಾಡುತ್ತಿತ್ತು. ನಾನು ನೋಡಲು ಹೋಗಲಿಲ್ಲ.

ಜನವರಿ 29, ಮಧ್ಯಾಹ್ನ

ನಿಕಾನೊರನಿಗೆ ಮೆಸೇಜ್ ಕಳಿಸಬೇಕಂತೆ. ಫೋನ್ ಬೇಡ. “ಅವನು ನಕ್ಕರೆ ನನಗೆ ಕೇಳಿಸಲ್ಲ, ಅದು ಇನ್ನೂ ಅವಮಾನ.” ಅವರು ಹೇಳುವುದು, ನಾನು ಬರೆಯುವುದು. ಮೊದಲು ಇಲ್ಲಿ, ಆಮೇಲೆ ಫೋನಿಗೆ.

ಮೊದಲ ಸಲ: “ಕಳ್ಳರ ದೊರೆ ನಿಕಾನೊರನಿಗೆ —” ದೊಡ್ಡಮ್ಮ ಹೊಡೆದುಹಾಕಿಸಿದರು.

ಎರಡನೇ ಸಲ: ನನ್ನ ಪಿತ್ತಕೋಶದಲ್ಲಿ ಕಲ್ಲಿರುವ ಕಾರಣ... ಅದೂ ಹೋಯಿತು.

ಮೂರನೇ ಸಲ: ನಮ್ಮ ಇಂಗ್ಲಿಷಮ್ಮ ಕಾಲೇಜಿನಲ್ಲಿ ಹಳೇ ಹಾಡುಗಳ ಅಧ್ಯಯನ ಮಾಡುತ್ತಿದ್ದು... ನಾನೇ ಹೊಡೆದುಹಾಕಿದೆ.

ತಗಡು ಬಡಿಯುತ್ತಿತ್ತು. ದೊಡ್ಡಪ್ಪ ಅಂಗೈಯನ್ನು ಖಾಲಿ ಸ್ಪೀಕರಿನ ಮೇಲಿಟ್ಟುಕೊಂಡು, ನಿಧಾನವಾಗಿ ಹೇಳಿದರು. ಒಂದಕ್ಷರ ತಿದ್ದದೆ ಬರೆದುಕೊಂಡೆ:

ನಿಕಾನೊರ್, ವಿಧವೆ ನಿನ್ನ ಹತ್ತಿರ ಇದೆಯಂತೆ. ನನ್ನ ಹತ್ತಿರ ಇಲ್ಲ. ನನ್ನ ಬೈಗುಳ ಸಮೇತ ಕಳಿಸು, ಹಾಗೇ ಹಾಕ್ತೀನಿ. ನಿನ್ನದನ್ನ ಅಳಿಸಬೇಡ. ಎರಡು ಕಡೆ ಇರಲಿ. ಶನಿವಾರ ಬಂದೇಬಿಡ್ತು. ಬೇಗ ಉತ್ತರ ಕೊಡು.